ಶ್ರುತಿ ಇಲ್ಲ, ನಿಜ. ತಾಳ ಇದೆ ಸ್ವಾಮಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಹಿರಿಯರೊಬ್ಬರು ರ‍್ಯಾಪ್ ಬಗ್ಗೆ ಬರೆದಿದ್ದರು. ಹಾಡಲು ಬಾರದವರು ಕಿರುಚಾಡುವುದಕ್ಕೆ ಇಟ್ಟುಕೊಂಡ ಹೆಸರೇ ರ‍್ಯಾಪ್, ಅದಕ್ಕೆ ಶ್ರುತಿಯೂ ಇಲ್ಲ ತಾಳವೂ ಇಲ್ಲ, ಇಂಥದ್ದಕ್ಕೆಲ್ಲ ಪತ್ರಿಕೆಯಲ್ಲಿ ಜಾಗ ಕೊಡಬೇಡಿ ಅಂತ. ಅವರ ಸಿಟ್ಟು ಅರ್ಥವಾಗುತ್ತದೆ. ಗಣಪತಿ ಇಟ್ಟಷ್ಟು ದಿನವೂ ಮನೆ ಎದುರಿಗೇ ಸ್ಪೀಕರ್ ಬಾಕ್ಸ್ ನಿಲ್ಲಿಸಿದರೆ ನಾನೂ ಹಾಗೇ ಬರೆಯುತ್ತಿದ್ದೆ. ಆ ಬಾಕ್ಸ್ ನಿಲ್ಲಿಸುವವರಲ್ಲಿ ನಾನೂ ಒಬ್ಬ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಮೈಕ್ ಸೆಟ್ ಬಾಡಿಗೆಗೆ ಕೊಡುವುದೇ ನನ್ನ ಕಸುಬು.

ಶ್ರುತಿ ಇಲ್ಲ ಅಂದರು, ಒಪ್ಪಿದೆ. ತಾಳ ಇಲ್ಲ ಅಂದರಲ್ಲ, ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ಮಧ್ಯದಲ್ಲಿ ಹಾಕಿ, ಕೊನೆಯಲ್ಲಿ ಬೇಡ.

ಆಷಾಢ ನಮ್ಮ ಕಸುಬಿನವರಿಗೆ ರಜೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆ ತಿಂಗಳು ಗೋಡೌನಿನಲ್ಲಿ ಕೂತು, ವರ್ಷವಿಡೀ ಎಳೆದಾಡಿ ಕಿತ್ತುಹೋದ ಕೇಬಲ್‌ಗಳಿಗೆ ಸೋಲ್ಡರಿಂಗ್ ಮಾಡುತ್ತೇನೆ. ಆಂಪ್ಲಿಫೈಯರ್ ಬಿಚ್ಚಿ ಬ್ರಶ್‌ನಲ್ಲಿ ಧೂಳು ಹೊಡೆಯುತ್ತೇನೆ. ಈ ಸಲ ಮಿಕ್ಸರ್‌ನಲ್ಲಿ ಒಂದು ಪೆನ್‌ಡ್ರೈವ್ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇತ್ತು. ಯಾವುದೋ ಕಾಲೇಜಿನ ಹುಡುಗರು ಮರೆತು ಹೋಗಿದ್ದು. ಕೈಗೆ ಕೆಲಸ ಇತ್ತು, ಕಿವಿಗೆ ಇರಲಿಲ್ಲ. ಸುಮ್ನೆ ಹಾಕಿದೆ.

ಅದರಲ್ಲಿದ್ದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಬ್ಬ ರ‍್ಯಾಪರ್‌ನ ಆಲ್ಬಂ. 1995ರ ಮಾರ್ಚ್‌ನಲ್ಲಿ ಎಲೆಕ್ಟ್ರಾ ಕಂಪನಿ ತಂದದ್ದು, ಅಂದರೆ ಮೂವತ್ತು ವರ್ಷ ದಾಟಿದೆ. ಹೆಸರು 'ರಿಟರ್ನ್ ಟು ದ 36 ಚೇಂಬರ್ಸ್: ದ ಡರ್ಟಿ ವರ್ಷನ್'. ಹಾಡಿದವನ ಹೆಸರು ಓಲ್ ಡರ್ಟಿ ಬಾಸ್ಟರ್ಡ್. ಇದನ್ನು ನೀವು ಅಚ್ಚು ಹಾಕುತ್ತೀರೋ ಇಲ್ಲವೋ ಗೊತ್ತಿಲ್ಲ, ಮುಂದೆ ಓಡಿಬಿ ಅಂತಲೇ ಬರೆಯುತ್ತೇನೆ, ಅಲ್ಲಿಯವರೂ ಹಾಗೇ ಕರೆಯುವುದು. ಅಪ್ಪ ಅಮ್ಮ ಇಟ್ಟ ಹೆಸರು ರಸೆಲ್ ಜೋನ್ಸ್. ಹೆಸರಿನ ಅರ್ಥವನ್ನು ಅವನ ಜೊತೆಗಾರ ಮೆಥಡ್ ಮ್ಯಾನ್ 1993ರಲ್ಲೇ, ಅವರ ಗುಂಪು ವೂ-ಟ್ಯಾಂಗ್ ಕ್ಲ್ಯಾನ್‌ನ ಮೊದಲ ಆಲ್ಬಂನಲ್ಲಿ ಬಿಡಿಸಿ ಹೇಳಿದ್ದಾನೆ: ಇವನ ಶೈಲಿಗೆ ಅಪ್ಪ ಅಂತ ಯಾರೂ ಇಲ್ಲ, ಅದಕ್ಕೇ ಈ ಹೆಸರು. ಬೈಗುಳವನ್ನು ಬಿರುದು ಮಾಡಿಕೊಂಡ ಆಸಾಮಿ.

ನಿಜ ಹೇಳಬೇಕೆಂದರೆ ಅವನ ಮುಖ ನನಗೆ ಮೊದಲೇ ಗೊತ್ತಿತ್ತು, ಹಾಡು ಗೊತ್ತಿರಲಿಲ್ಲ. ಮೊಬೈಲ್‌ನಲ್ಲಿ ಒಂದು ವಿಡಿಯೋ ತುಣುಕು ಓಡಾಡುತ್ತದೆ. ಅಮೆರಿಕದಲ್ಲಿ ಸಂಗೀತಕ್ಕೆ ಕೊಡುವ ಗ್ರ್ಯಾಮಿ ಪ್ರಶಸ್ತಿಯ 1998ರ ಸಮಾರಂಭ. ಶಾನ್ ಕಾಲ್ವಿನ್ ಅನ್ನುವ ಗಾಯಕಿ ಪ್ರಶಸ್ತಿ ತೆಗೆದುಕೊಳ್ಳಲು ಬರುವಾಗ ಇವನು ವೇದಿಕೆಗೆ ನುಗ್ಗಿ ಮೈಕ್ ಹಿಡಿಯುತ್ತಾನೆ. ಇವತ್ತು ಪ್ರಶಸ್ತಿ ನಮಗೇ ಅಂದುಕೊಂಡು ದುಬಾರಿ ಬಟ್ಟೆ ಕೊಂಡು ಹಾಕಿಕೊಂಡು ಬಂದೆ, ಆ ಇನ್ನೊಬ್ಬ ರ‍್ಯಾಪರ್ ಪಫ್ ಡ್ಯಾಡಿಗೆ ಕೊಟ್ಟುಬಿಟ್ಟಿರಿ, ಆದರೆ ವೂ-ಟ್ಯಾಂಗ್ ಇರುವುದು ಮಕ್ಕಳಿಗಾಗಿ, ಮಕ್ಕಳಿಗೆ ಕಲಿಸುವವರು ನಾವು, ಹೀಗೆ ಏನೋ ಹೇಳಿ ಹೋಗುತ್ತಾನೆ. ನಾನೂ ನಕ್ಕು ನಾಲ್ಕು ಜನಕ್ಕೆ ಕಳಿಸಿದ್ದೆ. ಹುಚ್ಚ ಅಂತ ಮನಸ್ಸಿನಲ್ಲಿ ಒಂದು ಖಾನೆಗೆ ಹಾಕಿ ಮುಚ್ಚಿಬಿಟ್ಟಿದ್ದೆ.

ಮೊದಲ ಟ್ರ್ಯಾಕ್ ಕೇಳಿದಾಗ ಖಾನೆ ಸರಿಯಾಗೇ ಇದೆ ಅನ್ನಿಸಿತು. ಸುಮಾರು ಐದು ನಿಮಿಷ ಹಾಡೇ ಇಲ್ಲ. ಯಾವುದೋ ಸಭೆಯಲ್ಲಿ ಸ್ವಾಗತ ಮಾಡಿದ ಹಾಗೆ ಅವನನ್ನು ಕರೆಯುತ್ತಾರೆ. ಅವನು ಬಂದು ಮಾತಾಡುತ್ತಾನೆ, ತನಗೆ ಬಂದ ಗುಪ್ತರೋಗದ ಕಥೆ ಹೇಳುತ್ತಾನೆ, ಅಳುತ್ತಾನೆ, ಅಳುತ್ತಲೇ ಒಂದು ಹಳೆಯ ಪ್ರೇಮಗೀತೆಯ ಧಾಟಿ ಎತ್ತಿಕೊಂಡು ಅದರಲ್ಲಿ ಇಲ್ಲಿ ಬರೆಯಲಾರದ ಮಾತು ತುರುಕಿ ಹಾಡುತ್ತಾನೆ. ಸೋಲ್ಡರ್ ಕಡ್ಡಿ ಕೆಳಗಿಟ್ಟು ಎದ್ದು ಗೋಡೌನಿನ ಬಾಗಿಲು ಮುಂದೆ ಮಾಡಿ ಬಂದೆ. ಪಕ್ಕದಲ್ಲಿ ಹಿಟ್ಟಿನ ಗಿರಣಿ, ಹೆಂಗಸರು ಬಂದು ಹೋಗುತ್ತಾರೆ. ಇಂಗ್ಲಿಷ್ ಆದರೂ ಕೆಲವು ಪದ ಎಲ್ಲರಿಗೂ ಗೊತ್ತು.

ಎರಡನೆಯದು 'ಶಿಮ್ಮಿ ಶಿಮ್ಮಿ ಯಾ'. ಮೂರು ನಿಮಿಷವೂ ಇಲ್ಲ. ಪಿಯಾನೋದ ಒಂದೆರಡು ಮನೆ ಒತ್ತಿ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದ್ದಾರೆ, ಕೆಳಗೆ ಡ್ರಮ್, ಅಷ್ಟೇ. ನಡುವೆ ಇದ್ದಕ್ಕಿದ್ದಂತೆ ಅವನ ದನಿ ಹಿಂದುಮುಂದಾಯಿತು, ಹಳೇ ಕಾಲದ ಟೇಪ್ ಉಲ್ಟಾ ಓಡಿದ ಹಾಗೆ. ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ಕಿತ್ತು, ಉಫ್ ಅಂತ ಊದಿ, ಮತ್ತೆ ಹಾಕಿದೆ. ಅದೇ ಜಾಗದಲ್ಲಿ ಮತ್ತೆ ಉಲ್ಟಾ. ಬೇಕೆಂದೇ ಮಾಡಿದ್ದಾರೆ! ಅದು ಮುಗಿದ ಮೇಲೆ ಹೊಸ ಸಾಲು ಬರುತ್ತದೆ ಅಂತ ಕಾದರೆ, ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ. ಇರುವುದೇ ಒಂದು ಚರಣ. ಸೋಮಾರಿತನವೋ ಕೊಬ್ಬೋ ಗೊತ್ತಾಗಲಿಲ್ಲ. ಆದರೆ ನನ್ನ ಬಲಗಾಲು ತಾಳ ಹಾಕುತ್ತಿತ್ತು, ನಾನು ಹೇಳಿದ್ದೇನೂ ಅಲ್ಲ.

ಪತ್ರ ಬರೆದ ಹಿರಿಯರೇ, ಇಲ್ಲಿ ಸ್ವಲ್ಪ ಗಮನ ಕೊಡಿ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಾರೆ, ರಾತ್ರಿಯಿಂದ ಬೆಳಗಿನವರೆಗೆ. ಅದಕ್ಕೆ ಮೈಕ್ ನನ್ನದೇ ಎಷ್ಟೋ ಸಲ. ಭೀಮನ ಪಾತ್ರ ಮಾಡುವವನು ಆವೇಶದಲ್ಲಿ ಶ್ರುತಿ ಬಿಟ್ಟು ಎಲ್ಲೋ ಹೋಗಿಬಿಟ್ಟರೆ, ಪಾಪ ಹಾರ್ಮೋನಿಯಂ ಮೇಷ್ಟ್ರು ಆ ಮನೆ ಈ ಮನೆ ಒತ್ತಿಕೊಂಡು ಅವನ ಹಿಂದೆ ಓಡುತ್ತಾರೆ. ಹಿಡಿದು ತಂದು ಕೂರಿಸುತ್ತಾರೆ. ಓಡಿಬಿಯ ಹಿಂದೆ ಓಡುವವರು ಯಾರೂ ಇಲ್ಲ. ಆ ಪಿಯಾನೋ ತುಣುಕು ಯಂತ್ರದಲ್ಲಿ ಕೂತಿದೆ, ಅದು ಒಂದು ಕೂದಲೆಳೆಯಷ್ಟೂ ಜರುಗುವುದಿಲ್ಲ. ಇವನು ಏಟಿಗಿಂತ ಮುಂಚೆ ಹಾರುತ್ತಾನೆ, ಒಮ್ಮೊಮ್ಮೆ ಏಟು ಹೋಗಿ ಆಮೇಲೆ ಎದ್ದು ಬರುತ್ತಾನೆ, ಪದವನ್ನು ರಬ್ಬರ್ ಹಾಗೆ ಎಳೆದು ಇನ್ನೇನು ಬಿದ್ದ ಅನ್ನುವಾಗ ಸಾಲಿನ ಕೊನೆಯ ಅಕ್ಷರವನ್ನು ತಂದು ಡ್ರಮ್ಮಿನ ತಲೆ ಮೇಲೆ ಸರಿಯಾಗಿ ಕುಕ್ಕುತ್ತಾನೆ. ನಮ್ಮ ಸಂಗೀತದವರು ಅತೀತ, ಅನಾಗತ ಅನ್ನುತ್ತಾರಲ್ಲ, ಅದನ್ನು ಇವನಿಗೆ ಯಾರೂ ಕಲಿಸಿಲ್ಲ. ಆದರೆ ತಾಳ ಗೊತ್ತಿಲ್ಲದವನಿಗೆ ತಾಳದ ಜೊತೆ ಹೀಗೆ ಚೆಲ್ಲಾಟ ಆಡಲು ಆಗುವುದಿಲ್ಲ. ಒಂದೆರಡು ಸಲ ಅದೃಷ್ಟ ಅನ್ನಬಹುದು. ಆಲ್ಬಂ ಪೂರ್ತಿ ಅದೃಷ್ಟವಾ?

ಇನ್ನೂ ಅನುಮಾನ ಇದ್ದರೆ 'ಡ್ಯಾಮೇಜ್' ಅನ್ನುವ ಹಾಡು ಕೇಳಿ. ಅದರಲ್ಲಿ ಅವನ ಕಸಿನ್ ಜಿಝಾ ಜೊತೆಗಿದ್ದಾನೆ. ಅವನು, ಜಿಝಾ, ಇನ್ನೊಬ್ಬ ಕಸಿನ್ ರಿಝಾ, ಮೂವರೂ ವೂ-ಟ್ಯಾಂಗ್‌ಗಿಂತ ಎಷ್ಟೋ ಮುಂಚೆ, 80ರ ದಶಕದಲ್ಲೇ ಒಟ್ಟಿಗೆ ಗುಂಪು ಕಟ್ಟಿಕೊಂಡು ಹಾಡುತ್ತಿದ್ದವರು. ಒಬ್ಬನ ಬಾಯಿಂದ ಸಾಲು ಬೀಳುವ ಮೊದಲೇ ಇನ್ನೊಬ್ಬ ಹಿಡಿಯುತ್ತಾನೆ. ಅಲ್ಲಿ ಹುಚ್ಚಾಟ ಎಲ್ಲಿ ಹೋಯಿತು? ಅಳತೆ ಹಿಡಿದ ಹಾಗಿದೆ. ಬೇಕಾದಾಗ ನೆಟ್ಟಗೆ ನಡೆಯಬಲ್ಲವನು, ಬೇಡವಾದಾಗ ಓಲಾಡುತ್ತಾನೆ, ಅಷ್ಟೇ.

ಆಲ್ಬಂನ ಬಹುಪಾಲು ಸಂಗೀತ ಆ ರಿಝಾನದ್ದು. 'ಬ್ರೂಕ್ಲಿನ್ ಝೂ' ಹಾಡು ಟ್ರೂ ಮಾಸ್ಟರ್ ಅನ್ನುವವನದ್ದು, ಇಡೀ ಆಲ್ಬಂನಲ್ಲಿ ಜಾಸ್ತಿ ಏಟು ಹೊಡೆಯುವುದು ಅದೇ. ರಿಝಾ ಹಳೆಯ ರೆಕಾರ್ಡ್‌ಗಳಿಂದ ಚೂರು ಕತ್ತರಿಸಿ, ಸ್ಯಾಂಪ್ಲರ್ ಯಂತ್ರದಲ್ಲಿ ಹಾಕಿ ಸುತ್ತಿಸುತ್ತಿದ್ದ. ಸೌಂಡ್ ಕೆಲಸ ಮಾಡುವವನಾಗಿ ಹೇಳುತ್ತೇನೆ, ಇದು ಕೊಳೆ ಸೌಂಡ್. ಧೂಳು, ಕರಕರ, ಒಡೆದ ಬೇಸ್. ಒಂದು ಮದುವೆಯಲ್ಲಿ ನಾನು ಹೀಗೆ ಸೌಂಡ್ ಕೊಟ್ಟರೆ ಹುಡುಗಿ ಕಡೆಯವರು ಅಡ್ವಾನ್ಸ್ ವಾಪಸ್ ಕೇಳುತ್ತಾರೆ. ಆದರೆ ಆ ಕೊಳೆಯಲ್ಲಿ ಇವನ ಗಂಟಲು ಎಷ್ಟು ಸ್ಪಷ್ಟವಾಗಿ ಕೂತಿದೆ ಅಂದರೆ, ಉಸಿರು ಎಳೆದುಕೊಳ್ಳುವುದು, ನಾಲಿಗೆ ಚಪ್ಪರಿಸುವುದು, ಮೈಕ್‌ಗೆ ಮುಖ ಹತ್ತಿರ ತಂದು ದೂರ ಹೋಗುವುದು ಎಲ್ಲ ಕೇಳುತ್ತದೆ. ಶ್ರುತಿ ಸರಿಮಾಡುವ ಆಟೋಟ್ಯೂನ್ ಬಂದದ್ದೇ 1997ರಲ್ಲಿ. ಬಂದಿದ್ದರೂ ಇವನ ದನಿ ಕೊಟ್ಟರೆ ಆ ಸಾಫ್ಟ್‌ವೇರ್ ಕೈ ಮುಗಿಯುತ್ತಿತ್ತು. ಚಂದನ್ ಶೆಟ್ಟಿ, ಆಲ್ ಓಕೆ ಇವರ ಕನ್ನಡ ರ‍್ಯಾಪ್ ನಮ್ಮ ಡಿಜೆ ಹುಡುಗ ದಿನಾ ಹಾಕುತ್ತಾನೆ, ಅವು ಇದರ ಮುಂದೆ ಇಸ್ತ್ರಿ ಮಾಡಿದ ಶರ್ಟ್ ಇದ್ದ ಹಾಗೆ.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ನಾಟಕದ ನಡುವೆ ನೆಂಟರು, ಊರವರು ಪಾತ್ರಧಾರಿಗಳಿಗೆ ನೂರು, ಇನ್ನೂರು ಕೊಟ್ಟು ಮೈಕ್‌ನಲ್ಲಿ ಹೆಸರು ಹೇಳಿಸುತ್ತಾರೆ. ಒಂದು ಸಲ ಹೀಗೇ ದುರ್ಯೋಧನನಿಗೆ ನೂರು ರೂಪಾಯಿ ಕೊಡಲು ಬಂದ ಒಬ್ಬ ವಯಸ್ಸಾದವರು, ಚೆನ್ನಾಗಿ ಕುಡಿದಿದ್ದರು, ಮೈಕ್ ಬಿಡಲೇ ಇಲ್ಲ. ಹಾಡು ಶುರು ಮಾಡಿದರು. ಶ್ರುತಿ ಇಲ್ಲ, ಪದ ಅರ್ಧ ನೆನಪಿಲ್ಲ, ಮರೆತ ಕಡೆ ತಮ್ಮ ಹೆಂಡತಿಯನ್ನೂ ಗದ್ದೆಯ ಪಾಲನ್ನೂ ಸೇರಿಸಿ ಹಾಡಿದರು. ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಕಮಿಟಿಯವರು ನನ್ನ ಕಡೆ ಕಣ್ಣು ಹಾಯಿಸಿದರು. ನಾನು ಮೆಲ್ಲಗೆ ವಾಲ್ಯೂಮ್ ಇಳಿಸಿಬಿಟ್ಟೆ. ಮೈಕ್ ಕೆಟ್ಟಿದೆ ಅಣ್ಣಾ ಅಂದೆ. ಆ ಮನುಷ್ಯ ಮೈಕನ್ನು ಎರಡು ಸಲ ತಟ್ಟಿ, ಅದರೊಳಗೆ ಒಮ್ಮೆ ನೋಡಿ, ವಾಪಸ್ ಕೊಟ್ಟು ಕೆಳಗಿಳಿದರು. ಇಡೀ ರಾತ್ರಿಯ ನಾಟಕದಲ್ಲಿ ನನಗೆ ಈಗ ನೆನಪಿರುವುದು ಅದೊಂದೇ.

ಈ ಆಲ್ಬಂ ಕೇಳುವಾಗ ಪದೇ ಪದೇ ಅದೇ ನೆನಪಾಗುತ್ತಿತ್ತು. ರಿಝಾನ ಕೈಯಲ್ಲೂ ವಾಲ್ಯೂಮ್ ಇತ್ತು. ಅವನು ಇಳಿಸಲಿಲ್ಲ. 'ಗೋಯಿನ್ ಡೌನ್' ಹಾಡು ಶುರುವಾಗುವಾಗ ಇವನು ಬಾಯಿ ಮುಕ್ಕಳಿಸಿದ ಹಾಗೆ ಗಂಟಲಿನಲ್ಲಿ ಗುಳಗುಳ ಮಾಡುತ್ತಾನೆ. ತೆಗೆದಿಲ್ಲ. ಅದೇ ಹಾಡಿನಲ್ಲಿ ಒಬ್ಬ ಹೆಂಗಸು ಇವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರೆ, ಇವನು 1939ರ 'ವಿಝರ್ಡ್ ಆಫ್ ಆಝ್' ಸಿನಿಮಾದ ಕಾಮನಬಿಲ್ಲಿನ ಹಾಡನ್ನು, ಏನೂ ಆಗಿಲ್ಲ ಅನ್ನುವ ಹಾಗೆ, ಬೇಸುರಾಗಿ ಹಾಡಿಕೊಂಡು ಹೋಗುತ್ತಾನೆ. ಅದನ್ನೂ ತೆಗೆದಿಲ್ಲ. ನಾನು ನಕ್ಕಿದ್ದಕ್ಕೆ ಕೇಬಲ್ ಸುಟ್ಟಿತು. 'ಡ್ರಂಕ್ ಗೇಮ್' ಅಂತ ಒಂದಿದೆ, ಅದು ಮೆಲುದನಿಯ ಪ್ರೇಮಗೀತೆ ಹಾಡುವವರ ಅಣಕ. ಕುಡಿದು ಮದುವೆ ಆರ್ಕೆಸ್ಟ್ರಾದಲ್ಲಿ ಹಾಡಲು ಹತ್ತಿದವರ ಹಾಗಿದೆ. 'ಬ್ರೂಕ್ಲಿನ್ ಝೂ'ದ ಎರಡನೆಯ ಭಾಗದಲ್ಲಂತೂ ಅರ್ಧಕ್ಕೆ ಹಾಡು ಕೈಬಿಟ್ಟು, ಅಲ್ಲಿಯವರೆಗೆ ಬಂದ ಹಾಡುಗಳ ಚೂರುಗಳನ್ನೇ ರೇಡಿಯೋ ಸ್ಟೇಷನ್ ತಿರುಗಿಸಿದ ಹಾಗೆ ಒಂದಾದ ಮೇಲೊಂದು ಹಾಕಿದ್ದಾರೆ. ಯಾರು ಆಲ್ಬಂನ ಒಳಗೇ ಆಲ್ಬಂನ ಜಾಹೀರಾತು ಹಾಕುತ್ತಾರೆ ಹೇಳಿ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ನಡುವೆ ಎರಡು ಮೂರು ಹಾಡು ಬೇಜಾರು, ಒಂದೇ ಪಲ್ಲವಿಯನ್ನು ಜಗಿದು ಜಗಿದು ಹಾಕಿದ್ದಾರೆ. ಹೆಂಗಸರ ಬಗ್ಗೆ ಆಡುವ ಮಾತುಗಳನ್ನು ತಮಾಷೆ ಅಂತ ಬಿಟ್ಟುಬಿಡಲು ನನಗೆ ಆಗಲಿಲ್ಲ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅವರ ಮುಂದೆ ಹಾಕಲಾರೆ. ಅದು ಅಲ್ಲಿನ ಸಂಸ್ಕೃತಿ ಅನ್ನುವ ಸಮಜಾಯಿಷಿ ಬೇಡ, ಅಲ್ಲಿನ ಹೆಂಗಸರಿಗೂ ಅದು ಬೈಗುಳವೇ.

ಇನ್ನು ಆಲ್ಬಂನ ರಕ್ಷಾಪುಟ. ಸಾಮಾನ್ಯವಾಗಿ ಇಂಥವರು ಚಿನ್ನದ ಸರ, ಕಾರು ಅಂತ ನಿಲ್ಲುತ್ತಾರಲ್ಲ, ಇವನು ಹಾಕಿದ್ದು ಸರ್ಕಾರದ ನೆರವು ಪಡೆಯಲು ನ್ಯೂಯಾರ್ಕ್ ನಗರ ಕೊಟ್ಟ ತನ್ನ ಗುರುತಿನ ಚೀಟಿ. ನಮ್ಮಲ್ಲಿ ಬಿಪಿಎಲ್ ಕಾರ್ಡ್ ಇದ್ದ ಹಾಗೆ ಅನ್ನಿ. ಅದರಲ್ಲಿ ಅವನ ಫೋಟೋ, ಕಣ್ಣು ಎತ್ತಲೋ, ಕೂದಲು ಮುಗಿಲಿಗೆ. ನಮ್ಮ ರೇಷನ್ ಕಾರ್ಡಿನ ಫೋಟೋ ನೋಡಿದವರಿಗೆ ಆ ಮುಖ ಪರಿಚಯವೇ. ಆಲ್ಬಂ ಅಮೆರಿಕದ ಮಾರಾಟದ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಬಂದಾಗ ಅವನು ಎಂಟಿವಿ ಕ್ಯಾಮೆರಾ ಜೊತೆ, ಮಕ್ಕಳನ್ನು ಕರೆದುಕೊಂಡು, ಲಿಮೋಸಿನ್ ಕಾರಿನಲ್ಲಿ ಆ ಸರ್ಕಾರಿ ನೆರವಿನ ಹಣ ತರಲು ಹೋದ. ಟಿವಿಯಲ್ಲಿ ನೋಡಿದ ಜನ ಕೆಂಡವಾದರು. ಆಗಬೇಕಾದದ್ದೇ. ಬಡವರ ಕಾರ್ಡ್ ಇಟ್ಟುಕೊಂಡು ಕಾರಿನಲ್ಲಿ ಬಂದು ಅಕ್ಕಿ ಒಯ್ಯುವವರನ್ನು ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ನಾವು ನೋಡಿಲ್ಲವಾ? ವ್ಯತ್ಯಾಸ ಒಂದೇ, ನಮ್ಮವರು ಕಾರನ್ನು ತಿರುವಿನಲ್ಲಿ ನಿಲ್ಲಿಸಿ ನಡೆದು ಬರುತ್ತಾರೆ.

ಆ ಗ್ರ್ಯಾಮಿ ವಿಡಿಯೋದ ಹಿಂದುಮುಂದನ್ನು ನಾನು ಆಮೇಲೆ ಓದಿದೆ. ಅದೇ 1998ರ ಫೆಬ್ರವರಿಯಲ್ಲಿ ಬ್ರೂಕ್ಲಿನ್‌ನಲ್ಲಿ ನಾಲ್ಕು ವರ್ಷದ ಮಗುವೊಂದು ಕಾರಿನ ಕೆಳಗೆ ಸಿಕ್ಕಿಕೊಂಡಿತ್ತು. ಇವನು ಓಡಿಹೋಗಿ, ಸುತ್ತ ಇದ್ದವರನ್ನೂ ಸೇರಿಸಿಕೊಂಡು ಕಾರು ಎತ್ತಿ ಮಗುವನ್ನು ಹೊರತೆಗೆದ. ಆಮೇಲೆ ಆಸ್ಪತ್ರೆಗೆ ಬೇರೆ ಹೆಸರು ಹೇಳಿಕೊಂಡು ಮಗುವನ್ನು ನೋಡಲು ಹೋಗುತ್ತಿದ್ದ. ಮಕ್ಕಳಿಗಾಗಿ ಅಂತ ಮೈಕ್‌ನಲ್ಲಿ ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ನಾನು ಗಂಟು ಹಾಕುವುದಿಲ್ಲ. ನಾನು ಕಳಿಸಿದ ತುಣುಕಿನಲ್ಲಿ ಮಾತ್ರ ಅದು ಇರಲಿಲ್ಲ.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ಖುಷಿಯಿಲ್ಲ. ಮಾದಕ ವಸ್ತು, ಕೋರ್ಟು, ಜೈಲು. 2000ನೇ ಇಸವಿಯಲ್ಲಿ ಕೋರ್ಟ್ ಹಾಕಿದ್ದ ಚಿಕಿತ್ಸಾ ಕೇಂದ್ರದಿಂದ ತಪ್ಪಿಸಿಕೊಂಡು, ಪೊಲೀಸರು ಹುಡುಕುತ್ತಿರುವಾಗಲೇ ನ್ಯೂಯಾರ್ಕ್‌ನಲ್ಲಿ ವೂ-ಟ್ಯಾಂಗ್ ಜೊತೆ ವೇದಿಕೆ ಹತ್ತಿ ಹಾಡಿ ಮಾಯವಾದ. ಕೆಲವೇ ದಿನದಲ್ಲಿ ಫಿಲಡೆಲ್ಫಿಯಾದಲ್ಲಿ ಸಿಕ್ಕಿಬಿದ್ದ. 2003ರಲ್ಲಿ ಜೈಲಿನಿಂದ ಬಿಟ್ಟದ್ದು ಮನೋರೋಗ ಆಸ್ಪತ್ರೆಗೆ, ಅಲ್ಲಿಂದ ಹೊರಗೆ. 2004ರ ನವೆಂಬರ್ 13ರಂದು ಮ್ಯಾನ್‌ಹಟನ್‌ನಲ್ಲಿ ಅದೇ ರಿಝಾನ ಸ್ಟುಡಿಯೋದಲ್ಲಿ ಕುಸಿದು ಸತ್ತ. ಕೊಕೇನ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಒಳಗೆ ಹೋಗಿತ್ತು. ಇನ್ನೆರಡು ದಿನ ಇದ್ದಿದ್ದರೆ ಮೂವತ್ತಾರು ತುಂಬುತ್ತಿತ್ತು. ಅವನ ಆಲ್ಬಂ ಹೆಸರಿನಲ್ಲೂ ಅದೇ ಸಂಖ್ಯೆ, ಅದು 1978ರ ಒಂದು ಹಾಂಗ್‌ಕಾಂಗ್ ಕುಂಗ್‌ಫೂ ಸಿನಿಮಾದ ಹೆಸರಿನಿಂದ ಬಂದದ್ದು. ಇದನ್ನು ಓದಿದ ಮೇಲೆ ಆ ಅಳುವ ಮೊದಲ ಟ್ರ್ಯಾಕನ್ನು ಇನ್ನೊಮ್ಮೆ ಹಾಕಿದೆ. ಆ ಸಲ ಅಷ್ಟು ನಗು ಬರಲಿಲ್ಲ.

ಹಿರಿಯರು ಇನ್ನೊಂದು ಮಾತು ಬರೆದಿದ್ದರು, ಈ ಡಬ್ಬಾ ಸ್ಪೀಕರ್‌ನವರಿಂದಲೇ ಸಂಗೀತ ಹಾಳಾಯಿತು ಅಂತ. ಇದಕ್ಕೆ ಮಾತ್ರ ನನ್ನ ಕಸುಬಿನ ಪರವಾಗಿ ತಕರಾರು. ಈ ರ‍್ಯಾಪ್ ಬಂದದ್ದು ಹಿಪ್‌ಹಾಪ್‌ನಿಂದ, ಆ ಹಿಪ್‌ಹಾಪ್ ಹುಟ್ಟಿದ್ದೇ ನಮ್ಮಂಥವರಿಂದ ಸ್ವಾಮಿ! ಜಮೈಕಾದಿಂದ ಬಂದ ಕೂಲ್ ಹರ್ಕ್ ಅನ್ನುವ ಹುಡುಗ, ಅವರ ಊರಿನಲ್ಲಿ ಬೀದಿಗೆ ದೊಡ್ಡ ದೊಡ್ಡ ಸ್ಪೀಕರ್ ತಂದು ನಿಲ್ಲಿಸುವ ಪದ್ಧತಿ ಇತ್ತು, 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಕಟ್ಟಡದಲ್ಲಿ ತಂಗಿಯ ಪಾರ್ಟಿಗೆ ತನ್ನ ಸೆಟ್ ಹಾಕಿದ. ಹಾಡಿನಲ್ಲಿ ಡ್ರಮ್ ಮಾತ್ರ ಬರುವ ಜಾಗಕ್ಕೆ ಜನ ಜಾಸ್ತಿ ಕುಣಿಯುತ್ತಾರೆ ಅಂತ ನೋಡಿ, ಅದನ್ನೇ ಉದ್ದ ಮಾಡಿ ಹಾಕಿದ. ಮೇಲೆ ಮೈಕ್‌ನಲ್ಲಿ ಮಾತು. ಹುಟ್ಟಿದ್ದು ಹಾಗೆ. ಒಬ್ಬ ಮೈಕ್ ಸೆಟ್‌ನವನು, ಒಂದು ಪಾರ್ಟಿ, ಪ್ರಾಯಶಃ ಪಕ್ಕದ ಮನೆಯವರ ಬೈಗುಳ ಕೂಡ. ಇದು ಗೊತ್ತಾದ ದಿನ ನಾನು ಗೋಡೌನಿನಲ್ಲಿ ನನ್ನ ಹಳೆಯ ಬಾಕ್ಸ್‌ಗಳ ಕಡೆ ನೋಡಿದ್ದೇ ಬೇರೆ ಥರ.

ಸಂಪಾದಕರೇ, ನಿಮಗೂ ಒಂದು ಮಾತು. ನಿಮ್ಮ ಪುರವಣಿಯಲ್ಲಿ ಸಂಗೀತ ಕಛೇರಿಗೆ ಅರ್ಧ ಪುಟ ಕೊಡುತ್ತೀರಿ, ಸಂತೋಷ, ಕಛೇರಿಗೂ ಮೈಕ್ ನಮ್ಮದೇ. ರ‍್ಯಾಪ್ ಬಗ್ಗೆ ಬರೆಯುವಾಗ ಮಾತ್ರ ಯಾರ ಕಾರು ಯಾವುದು, ಯಾರು ಯಾರಿಗೆ ಬೈದರು, ಇಷ್ಟೇ ಬರುತ್ತದೆ. ಒಬ್ಬ ವರದಿಗಾರರನ್ನು ಕೂರಿಸಿ ಒಂದು ಆಲ್ಬಂ ಮೊದಲಿಂದ ಕೊನೆವರೆಗೆ ಕೇಳಿಸಿ ಬರೆಸಿ. ಚೆನ್ನಾಗಿಲ್ಲ ಅಂತಲೇ ಬರೆಯಲಿ.

ಪತ್ರ ಬರೆದ ಹಿರಿಯರು ಯಾರೋ ಗೊತ್ತಿಲ್ಲ. ನಮ್ಮ ಕಡೆ ಬಂದರೆ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹಿಟ್ಟಿನ ಗಿರಣಿ ಪಕ್ಕದ ಮೈಕ್ ಸೆಟ್ ಅಂತ ಕೇಳಲಿ. ಮಧ್ಯಾಹ್ನ ಮೂರರ ಮೇಲೆ ಬಂದರೆ ಗಿರಣಿ ನಿಂತಿರುತ್ತದೆ. ಕಾಫಿ ತರಿಸುತ್ತೇನೆ, ಬಾಗಿಲು ಮುಂದೆ ಮಾಡುತ್ತೇನೆ, ಎರಡನೆಯ ಹಾಡಿನಿಂದ ಶುರು ಮಾಡೋಣ. ಮೊದಲನೆಯದು ಬೇಡ. ಬೈಯುವುದಾದರೆ ಮೈಕ್ ಕೈಯಲ್ಲೇ ಕೊಡುತ್ತೇನೆ, ವಾಲ್ಯೂಮ್ ಇಳಿಸುವುದಿಲ್ಲ.

ಇಂತಿ,
ಒಬ್ಬ ಮೈಕ್ ಸೆಟ್‌ನವ, ತಿಪಟೂರು